ಸ್ಕಾಟ್ಲೆಂಡ್‌ಗೆ ಗಾಲ್ಫ್ ಪ್ರವಾಸ: ಆಟದ ಜೊತೆ ಊರಿನ ಕಥೆಯನ್ನೂ ನೋಡಿ ಬರುವುದು ಹೇಗೆ?

ಸ್ಕಾಟ್ಲೆಂಡ್‌ಗೆ ಗಾಲ್ಫ್ ಆಡಲು ಹೋಗುವವರು ಸಾಮಾನ್ಯವಾಗಿ ಒಂದು ಪಟ್ಟಿ ಹಿಡಿದು ಹೊರಡುತ್ತಾರೆ. ಸೇಂಟ್ ಆಂಡ್ರೂಸ್, ಕಾರ್ನೂಸ್ಟಿ, ಮ್ಯೂರ್‌ಫೀಲ್ಡ್, ಟ್ರೂನ್, ಟರ್ನ್‌ಬೆರಿ. ವಾರದಲ್ಲಿ ಅಷ್ಟನ್ನೂ ಮುಗಿಸಬೇಕು. ಬೆಳಿಗ್ಗೆ ಆಟ, ಸಂಜೆ ವ್ಯಾನು, ರಾತ್ರಿ ಬೇರೆ ಊರು. ಹೀಗೆ ಹೋದರೆ ಸ್ಕೋರ್ ಕಾರ್ಡ್‌ಗಳು ಮನೆಗೆ ಬರುತ್ತವೆ, ಆಡಿದ ಊರು ಹೇಗಿತ್ತು ಅಂತ ಯಾರಾದರೂ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ನಾನು ಹೇಳುವ ದಾರಿ ಬೇರೆ. ಮೊದಲು ಒಂದು ಕಥೆ ಆರಿಸಿಕೊಳ್ಳಿ. ಆ ಕಥೆ ಎಲ್ಲೆಲ್ಲಿ ಹಾದುಹೋಗುತ್ತದೋ ಅಲ್ಲಲ್ಲಿ ಆಡಿ.

ಅಲ್ಲಿ ಇದು ಸಾಧ್ಯ. ಯಾಕೆಂದರೆ ಅಲ್ಲಿನ ಹಳೆಯ ಗಾಲ್ಫ್ ಮೈದಾನಗಳು ಊರಿನಿಂದ ಬೇರೆಯಾಗಿಲ್ಲ. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ, ಆದರೆ ಬಹುಪಾಲು ಬೆಂಗಳೂರಿಗರು ಅದನ್ನು ಕಂಡಿರುವುದು ಬೇಲಿಯ ಈಚೆಯಿಂದ. ಸೇಂಟ್ ಆಂಡ್ರೂಸ್‌ನಲ್ಲಿ ಬೇಲಿಯೇ ಇಲ್ಲ. 1552ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಬರೆಸಿದ ಪತ್ರದಲ್ಲಿ, ಸಮುದ್ರದಂಚಿನ ಆ ಮರಳುನೆಲದಲ್ಲಿ ಗಾಲ್ಫ್ ಆಡುವ, ಫುಟ್‌ಬಾಲ್ ಆಡುವ, ದನಕುರಿ ಮೇಯಿಸುವ ಹಕ್ಕು ಊರ ಜನರದ್ದು ಅಂತ ಒಪ್ಪಲಾಗಿದೆ. ಹೆಂಗಸರು ಹಳ್ಳದಲ್ಲಿ ಬಟ್ಟೆ ಒಗೆದು ಅಲ್ಲಿನ ಪೊದೆಗಳ ಮೇಲೇ ಒಣಹಾಕುತ್ತಿದ್ದರು. ಇಂದಿಗೂ ಅದು ಊರವರ ನೆಲವೇ.

ಮೊದಲು: ಒಂದು ಎಳೆ, ಒಂದು ದಿಕ್ಕು

ನಕ್ಷೆ ಬಿಚ್ಚುವ ಮೊದಲು ಒಬ್ಬ ಮನುಷ್ಯನ ಕಥೆ ಕೇಳಿ. ಹೆಸರು ಜಾನ್ ರಾಟ್ರೇ. ಎಡಿನ್‌ಬರೋದ ಶಸ್ತ್ರವೈದ್ಯ, ಒಳ್ಳೆಯ ಗಾಲ್ಫ್ ಆಟಗಾರ. 1744ರಲ್ಲಿ ಎಡಿನ್‌ಬರೋ ನಗರಸಭೆ ಒಂದು ಬೆಳ್ಳಿಯ ಗಾಲ್ಫ್ ಕ್ಲಬ್ಬನ್ನು, ಅಂದರೆ ಚೆಂಡು ಹೊಡೆಯುವ ಕೋಲನ್ನು, ಬಹುಮಾನವಾಗಿ ಕೊಟ್ಟಿತು. ಲೀತ್ ಅನ್ನುವ ಬಂದರು ಬಡಾವಣೆಯ ಬಯಲಿನಲ್ಲಿ ಪಂದ್ಯ. ಪಂದ್ಯ ಅಂದಮೇಲೆ ನಿಯಮ ಬೇಕಲ್ವಾ? ಅಲ್ಲಿನ ಆಟಗಾರರು 13 ನಿಯಮ ಬರೆದರು. ಬರಹರೂಪದಲ್ಲಿ ನಮಗೆ ಸಿಕ್ಕಿರುವ ಗಾಲ್ಫ್ ನಿಯಮಗಳಲ್ಲಿ ಇವೇ ಎಲ್ಲಕ್ಕಿಂತ ಹಳೆಯವು. ಅದರಲ್ಲೊಂದು ಹೀಗಿದೆ: ನಿಮ್ಮ ಚೆಂಡು ಮನುಷ್ಯನಿಗೋ ಕುದುರೆಗೋ ನಾಯಿಗೋ ತಗುಲಿ ನಿಂತರೆ, ನಿಂತ ಜಾಗದಿಂದಲೇ ಆಡಬೇಕು. ಆ ಬಯಲಿನಲ್ಲಿ ಯಾರು ಯಾರು ಓಡಾಡುತ್ತಿದ್ದರು ಅನ್ನುವುದು ಈ ಒಂದು ಸಾಲಿನಲ್ಲೇ ಕಾಣುತ್ತದೆ. ನಿಯಮಗಳಿಗೆ ಸಹಿ ಹಾಕಿದ್ದು ರಾಟ್ರೇ. ಆ ವರ್ಷ ಗೆದ್ದದ್ದೂ ಅವನೇ.

ಮುಂದಿನ ವರ್ಷ ದೇಶದಲ್ಲಿ ದಂಗೆ ಎದ್ದಿತು. ಸ್ಟುವರ್ಟ್ ಮನೆತನದ ರಾಜಕುಮಾರ ಚಾರ್ಲ್ಸ್ ಸಿಂಹಾಸನ ಬೇಡಿ ಬಂದಿಳಿದ. ರಾಟ್ರೇ ಅವನ ಸೇನೆಗೆ ವೈದ್ಯನಾಗಿ ಹೋದ. 1746ರ ಏಪ್ರಿಲ್ 16ರಂದು ಇನ್ವರ್ನೆಸ್ ಹತ್ತಿರದ ಕಲೋಡನ್ ಬಯಲಿನಲ್ಲಿ ಆ ಸೇನೆ ಒಂದು ಗಂಟೆಯೊಳಗೆ ನುಚ್ಚುನೂರಾಯಿತು. ರಾಟ್ರೇ ಸೆರೆಸಿಕ್ಕ. ನೇಣು ಕಾದಿತ್ತು. ಅವನನ್ನು ಉಳಿಸಿದ್ದು ಸರ್ಕಾರದ ಪಕ್ಷದಲ್ಲಿದ್ದ ದೊಡ್ಡ ನ್ಯಾಯಾಧೀಶ ಡಂಕನ್ ಫೋರ್ಬ್ಸ್. ಕಲೋಡನ್ ಜಹಗೀರು ಅವನದೇ. ಇಬ್ಬರೂ ಲೀತ್ ಬಯಲಿನಲ್ಲಿ ಜೊತೆಗೆ ಗಾಲ್ಫ್ ಆಡಿದವರು. ರಾಟ್ರೇ ಬಿಡುಗಡೆಯಾಗಿ ಊರಿಗೆ ಬಂದ, 1751ರಲ್ಲಿ ಬೆಳ್ಳಿ ಕ್ಲಬ್ಬನ್ನು ಮತ್ತೆ ಗೆದ್ದ.

ಈ ಒಂದು ಕಥೆಯ ಹಿಂದೆ ಹೋದರೆ ನಿಮ್ಮ ದಾರಿ ತಾನಾಗಿಯೇ ಸಿಗುತ್ತದೆ. ಎಡಿನ್‌ಬರೋದಲ್ಲಿ ಶುರು, ಸೇಂಟ್ ಆಂಡ್ರೂಸ್ ಮೇಲೆ ಹಾದು, ಉತ್ತರಕ್ಕೆ ಇನ್ವರ್ನೆಸ್, ಅಲ್ಲಿಂದಾಚೆ ಡಾರ್ನೋಕ್. ಎರಡು ವಾರ ಇದ್ದರೆ ಆರಾಮ. ಹತ್ತೇ ದಿನ ಇದ್ದರೆ ಡಾರ್ನೋಕ್ ಬಿಡಿ, ಆದರೆ ಕಲೋಡನ್ ಬಿಡಬೇಡಿ. ಪಶ್ಚಿಮ ಕರಾವಳಿಯನ್ನು ಇದಕ್ಕೆ ತುರುಕಬೇಡಿ. ಓಪನ್ ಅನ್ನುವ ದೊಡ್ಡ ಗಾಲ್ಫ್ ಪಂದ್ಯಾವಳಿ 1860ರಲ್ಲಿ ಮೊದಲು ನಡೆದ ಪ್ರೆಸ್ಟ್‌ವಿಕ್, ಪಕ್ಕದ ಆಲೋವೇಯಲ್ಲಿ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ಹುಲ್ಲುಚಾವಣಿಯ ಮನೆ, ಇವೆಲ್ಲ ಇನ್ನೊಂದು ಪ್ರವಾಸಕ್ಕೆ ಸಾಕಾಗುವಷ್ಟಿವೆ.

ಲೆಕ್ಕ ಸರಳ: ಒಂದು ದಿನ ಆಟ, ಒಂದು ದಿನ ಊರು. ಕೋರ್ಸ್‌ಗಳಲ್ಲಿ, ಅಂದರೆ ಗಾಲ್ಫ್ ಮೈದಾನಗಳಲ್ಲಿ, ಹೆಚ್ಚಾಗಿ ನಡೆದೇ ಆಡಬೇಕು, ಗಾಳಿ ಬೇರೆ. ದಿನಾ ಆಡಿದರೆ ಕೋಟೆ ಹತ್ತಲು ಕಾಲು ಬರುವುದಿಲ್ಲ.

ಯಾವಾಗ ಹೋಗಬೇಕು

ಮೇ, ಜೂನ್ ಅಥವಾ ಸೆಪ್ಟೆಂಬರ್. ಜೂನ್‌ನಲ್ಲಿ ಉತ್ತರದ ಕಡೆ ರಾತ್ರಿ ಹತ್ತರ ನಂತರವೂ ಬೆಳಕಿರುತ್ತದೆ. ಹಗಲೆಲ್ಲ ಊರು ಸುತ್ತಿ ಸಂಜೆ ಆರಕ್ಕೆ ಆಡಲು ಹೋದರೂ ಹದಿನೆಂಟು ಹೋಲ್, ಅಂದರೆ ಪೂರ್ತಿ ಆಟ, ಮುಗಿಯುತ್ತದೆ. ಅನೇಕ ಕೋರ್ಸ್‌ಗಳಲ್ಲಿ ಸಂಜೆಯ ದರ ಕಡಿಮೆ ಕೂಡ. ಆಗಸ್ಟ್‌ನಲ್ಲಿ ಎಡಿನ್‌ಬರೋದ ಕಲೋತ್ಸವಗಳು ನಡೆಯುತ್ತವೆ. ನಾಟಕ, ಸಂಗೀತ ಬೇಕಾದವರಿಗೆ ಅದು ಹಬ್ಬ, ಆದರೆ ಹೋಟೆಲ್ ದರ ತುಂಬಾ ಜಾಸ್ತಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ದಿನ ಚಿಕ್ಕದು. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಆಗ ಹುಲ್ಲು ಉಳಿಸಲು ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ಮೇಲೆ ಸಣ್ಣ ಮ್ಯಾಟ್ ಇಟ್ಟು ಹೊಡೆಯಬೇಕು. ಅಷ್ಟು ದೂರ ಹೋಗಿ ಹಾಗೆ ಆಡುವುದು ನನಗಂತೂ ಒಪ್ಪಿಗೆಯಿಲ್ಲ.

ಎರಡು ದಿನಾಂಕ ಗಮನದಲ್ಲಿಡಿ. ಅಕ್ಟೋಬರ್ ಶುರುವಿನಲ್ಲಿ ಡನ್‌ಹಿಲ್ ಲಿಂಕ್ಸ್ ಪಂದ್ಯಾವಳಿ ನಡೆಯುವಾಗ ಓಲ್ಡ್ ಕೋರ್ಸ್ ಹೊರಗಿನವರಿಗೆ ಸಿಗುವುದಿಲ್ಲ. 2027ರ ಜುಲೈನಲ್ಲಿ ಓಪನ್ ಅಲ್ಲೇ ನಡೆಯುತ್ತದೆ. ಆಗ ನೋಡಲು ಹೋಗಬಹುದೇ ಹೊರತು ಆಡಲು ಅಲ್ಲ.

ಬುಕಿಂಗ್, ವೀಸಾ, ಹ್ಯಾಂಡಿಕ್ಯಾಪ್

ಇದನ್ನು ಹಿಂದಿನ ವರ್ಷವೇ ಶುರು ಮಾಡಿ. ಮೊದಲು ನಿಮ್ಮ ಕ್ಲಬ್‌ನಿಂದ ಅಧಿಕೃತ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ಹೇಳುವ ಅಂಕ) ಪತ್ರ ತೆಗೆದುಕೊಳ್ಳಿ. ಓಲ್ಡ್ ಕೋರ್ಸ್‌ನಲ್ಲೂ ಇನ್ನು ಕೆಲವು ದೊಡ್ಡ ಕೋರ್ಸ್‌ಗಳಲ್ಲೂ ಅದನ್ನು ಕೇಳುತ್ತಾರೆ. ಭಾರತದ ಹ್ಯಾಂಡಿಕ್ಯಾಪ್ ಈಗ ಜಾಗತಿಕ ಪದ್ಧತಿಯಲ್ಲೇ ಇರುವುದರಿಂದ ಅಲ್ಲಿ ನಡೆಯುತ್ತದೆ.

ಓಲ್ಡ್ ಕೋರ್ಸ್‌ನಲ್ಲಿ ಆಡಲು ಹಲವು ದಾರಿಗಳಿವೆ. ಹಿಂದಿನ ವರ್ಷದ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಮುಂಗಡ ಅರ್ಜಿ ಕರೆಯುತ್ತಾರೆ. ಅದು ಸಿಗದಿದ್ದರೆ ಬ್ಯಾಲಟ್, ಅಂದರೆ ದಿನದ ಲಾಟರಿ. ಆಡುವ ದಿನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ 2 ಗಂಟೆಯೊಳಗೆ ಹೆಸರು ಕೊಡಬೇಕು. ಸಂಜೆ ಫಲಿತಾಂಶ ಬರುತ್ತದೆ. ಇಬ್ಬರಿಂದ ನಾಲ್ವರವರೆಗಿನ ಗುಂಪಿಗೆ ಮಾತ್ರ ಇದು. ಒಬ್ಬರೇ ಹೋದವರಿಗೆ ಬೇರೆ ಡ್ರಾ ಇದೆ, ಅದಕ್ಕೆ ಹಿಂದಿನ ದಿನ ಊರಲ್ಲೇ ಇದ್ದು ಖುದ್ದಾಗಿ ಹೆಸರು ಬರೆಸಬೇಕು. ಸೀಸನ್‌ನಲ್ಲಿ ದರ 300 ಪೌಂಡ್‌ಗಿಂತ ಮೇಲೆ. ಬ್ಯಾಲಟ್ ನೆಚ್ಚಿಕೊಂಡವರು ಆ ಊರಿನಲ್ಲಿ ಕನಿಷ್ಠ ನಾಲ್ಕು ರಾತ್ರಿ ಇರಿ, ದಿನಾ ಹೆಸರು ಕೊಡಿ. ಪಕ್ಕದಲ್ಲೇ ಇರುವ ನ್ಯೂ ಕೋರ್ಸ್‌ನಲ್ಲಿ ಒಂದು ಟೀ ಟೈಮ್, ಅಂದರೆ ಆಟ ಶುರುಮಾಡುವ ಹೊತ್ತು, ಮೊದಲೇ ತೆಗೆದಿಡಿ. ಹೆಸರು ಹೊಸದಾದರೂ 1895ರದ್ದು, ಓಪನ್ ಗೆದ್ದ ಆಟಗಾರ ಓಲ್ಡ್ ಟಾಮ್ ಮೋರಿಸ್ ರೂಪಿಸಿದ್ದು. ಬಂಕರ್ ಅನ್ನುವ ಮರಳುಗುಂಡಿಗಳಾಚೆ ಅದೇ ಸಮುದ್ರ, ಅದೇ ಗಾಳಿ, ದರ ಬಹಳ ಕಡಿಮೆ.

ಯು.ಕೆ. ವಿಸಿಟರ್ ವೀಸಾಗೆ ಪ್ರಯಾಣದ ಮೂರು ತಿಂಗಳ ಮೊದಲಷ್ಟೇ ಅರ್ಜಿ ಹಾಕಬಹುದು. ಆದ್ದರಿಂದ ಟೀ ಟೈಮ್ ಮೊದಲು, ವೀಸಾ ಆಮೇಲೆ. ಬುಕ್ ಮಾಡುವಾಗಲೇ ರದ್ದುಮಾಡಿದರೆ ದುಡ್ಡು ವಾಪಸ್ ಬರುತ್ತದೋ ಇಲ್ಲವೋ ಓದಿಕೊಳ್ಳಿ. ಬೆಂಗಳೂರಿನಿಂದ ಎಡಿನ್‌ಬರೋಗೆ ನೇರ ವಿಮಾನವಿಲ್ಲ. ಲಂಡನ್, ದುಬೈ ಅಥವಾ ದೋಹಾದಲ್ಲಿ ಬದಲಿಸಬೇಕು. ಕ್ಲಬ್‌ಗಳ ಚೀಲಕ್ಕೆ ಪ್ರತಿ ವಿಮಾನ ಸಂಸ್ಥೆಯ ನಿಯಮ ಬೇರೆ, ಟಿಕೆಟ್ ಕೊಳ್ಳುವ ಮೊದಲೇ ನೋಡಿ. ಮೂರೋ ನಾಲ್ಕೋ ಸಲ ಮಾತ್ರ ಆಡುವವರು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದೇ ಮೇಲು.

ಎಡಿನ್‌ಬರೋ: ಬಾಡಿಗೆ ಕ್ಲಬ್ ಹಿಡಿದು ಶುರು ಮಾಡಿ

ಲೀತ್ ಬಯಲು, ಅಂದರೆ ಲೀತ್ ಲಿಂಕ್ಸ್, ಈಗ ಸಾರ್ವಜನಿಕ ಉದ್ಯಾನ. ಗಾಲ್ಫ್ ಇಲ್ಲ, ಮಕ್ಕಳು ಆಡುತ್ತಿರುತ್ತಾರೆ. ಅಲ್ಲಿ ರಾಟ್ರೇಯ ಕಂಚಿನ ಪ್ರತಿಮೆ ಇದೆ. ಬಂದಿಳಿದ ದಿನ ನಿದ್ದೆಗೆಟ್ಟ ಕಣ್ಣಲ್ಲಿ ಆಡುವುದಕ್ಕಿಂತ ಇಲ್ಲಿಗೆ ಬಂದು ಅಡ್ಡಾಡುವುದು ಒಳ್ಳೆಯದು. ಮರುದಿನ ಕೋಟೆ ಮತ್ತು ರಾಯಲ್ ಮೈಲ್. ಸಂಜೆ ಊರ ನಡುವಿನ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್‌ಗೆ ಹೋಗಿ. ಅಲ್ಲಿನ ಸಣ್ಣ ಹೋಲ್‌ಗಳಲ್ಲಿ ಬೇಸಿಗೆಯಲ್ಲಿ ಯಾರು ಬೇಕಾದರೂ ಆಡಬಹುದು, ಚೆಂಡು ಎತ್ತಿ ಹೊಡೆಯುವ ಒಂದು ವೆಜ್ ಕ್ಲಬ್, ಉರುಳಿಸುವ ಒಂದು ಪಟರ್ ಇದ್ದರೆ ಸಾಕು.

ಮೊದಲ ನಿಜವಾದ ಆಟ ಮಸಲ್‌ಬರೋ ಓಲ್ಡ್ ಲಿಂಕ್ಸ್‌ನಲ್ಲಿ ಇರಲಿ. ನಗರದಿಂದ ಸಿಟಿ ಬಸ್ಸಿನಲ್ಲೇ ಹೋಗಬಹುದು. ಒಂಬತ್ತೇ ಹೋಲ್. ಕುದುರೆ ರೇಸ್ ಟ್ರ್ಯಾಕಿನ ಒಳಗಿದೆ. ರೇಸ್ ಇರುವ ದಿನ ಆಟವಿಲ್ಲ, ಮೊದಲೇ ವಿಚಾರಿಸಿ. ಇಲ್ಲಿ 1672ರಲ್ಲಿ ಗಾಲ್ಫ್ ಆಡಿದ್ದಕ್ಕೆ ಲೆಕ್ಕದ ಪುಸ್ತಕದ ದಾಖಲೆ ಇದೆ. 1874ರಿಂದ 1889ರ ನಡುವೆ ಆರು ಸಲ ಓಪನ್ ಇಲ್ಲೇ ನಡೆಯಿತು. ಇವತ್ತು ಜಗತ್ತಿನ ಎಲ್ಲ ಗ್ರೀನ್‌ಗಳಲ್ಲೂ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಗುಳಿಯ ಅಗಲ ನಾಲ್ಕೂಕಾಲು ಇಂಚು. 1829ರಲ್ಲಿ ಮಸಲ್‌ಬರೋದಲ್ಲಿ ಬಳಸಿದ ಗುಳಿ ಕೊರೆಯುವ ಉಪಕರಣದ ಅಳತೆಯೇ ಅದು.

ಇಲ್ಲಿ ಹಿಕರಿ ಮರದ ಹಿಡಿಯ ಹಳೇ ಮಾದರಿ ಕ್ಲಬ್‌ಗಳು ಬಾಡಿಗೆಗೆ ಸಿಗುತ್ತವೆ. ತಪ್ಪದೆ ತೆಗೆದುಕೊಳ್ಳಿ. ಉಕ್ಕಿನ ಹಿಡಿಯ ಅಭ್ಯಾಸದಲ್ಲಿ ಜೋರಾಗಿ ಬೀಸಿದರೆ ಮರದ ಹಿಡಿ ಬಾಗಿ ತಿರುಗಿ ಚೆಂಡು ಎಲ್ಲೋ ಹೋಗುತ್ತದೆ. ನಿಧಾನವಾಗಿ ಹಿಂದಕ್ಕೆ ಎತ್ತಿ, ಮೇಲೆ ಒಂದು ಕ್ಷಣ ತಡೆದು, ಆಮೇಲೆ ಬಿಡಬೇಕು. ನಾಲ್ಕೈದು ಹೊಡೆತದೊಳಗೆ ಕೈಗೆ ಗೊತ್ತಾಗುತ್ತದೆ. ನೆಲಕ್ಕೆ ಅಂಟಿಕೊಂಡು ಉರುಳುವ ಚೆಂಡೇ ಇಲ್ಲಿ ಕೆಲಸಕ್ಕೆ ಬರುವುದು. ಆಕಾಶಕ್ಕೆ ಎತ್ತಿದ ಚೆಂಡನ್ನು ಗಾಳಿ ಹೊತ್ತೊಯ್ಯುತ್ತದೆ. ಮುಂದಿನ ಎಲ್ಲ ಕೋರ್ಸ್‌ಗಳಿಗೂ ಇದೇ ಪಾಠ.

ಇನ್ನೊಂದು ವಿಷಯ ಈ ಊರಿನದು. ಇಲ್ಲಿನ ಮೀನು ಮಾರುವ ಹೆಂಗಸರು ಗಾಲ್ಫ್ ಆಡುತ್ತಿದ್ದರು. 1811ರ ಹೊಸ ವರ್ಷದ ಹೊತ್ತಿಗೆ ಅವರಿಗಾಗಿ ಪಂದ್ಯ ಇಟ್ಟು, ಹೊಸ ಮೀನುಬುಟ್ಟಿ, ಶಾಲು ಮತ್ತು ರೇಷ್ಮೆ ಕರವಸ್ತ್ರಗಳನ್ನು ಬಹುಮಾನ ಇಟ್ಟ ದಾಖಲೆ ಇದೆ. ಇದೇ ಕರಾವಳಿಯಲ್ಲಿ ಮುಂದೆ ಇರುವ ಮ್ಯೂರ್‌ಫೀಲ್ಡ್ ಕ್ಲಬ್, ರಾಟ್ರೇ ಆಡುತ್ತಿದ್ದ ಲೀತ್ ಗುಂಪಿನ ಇಂದಿನ ರೂಪ. ಅಲ್ಲಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2017ರಲ್ಲಿ.

ಇನ್ನೊಂದು ದಿನ ಸಿಕ್ಕರೆ ಎಡಿನ್‌ಬರೋದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ, ನಾರ್ತ್ ಬೆರಿಕ್. ಅಲ್ಲಿನ 13ನೇ ಹೋಲ್‌ನಲ್ಲಿ ಗ್ರೀನ್‌ಗೂ ನಿಮಗೂ ನಡುವೆ ಕಲ್ಲಿನ ಗೋಡೆ ಇದೆ. ಗೋಡೆ ಮೊದಲಿಂದ ಇತ್ತು, ಅದನ್ನು ಯಾರೂ ಕೆಡವಲಿಲ್ಲ.

ಸೇಂಟ್ ಆಂಡ್ರೂಸ್: ಭಾನುವಾರ ಅಲ್ಲಿರಲೇಬೇಕು

ಈ ಊರಿಗೆ ರೈಲಿಲ್ಲ. ಲೂಕರ್ಸ್ ಸ್ಟೇಷನ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಭಾನುವಾರ ಸೇರುವ ಹಾಗೆ ದಿನ ಹೊಂದಿಸಿ. ಸಾಮಾನ್ಯ ಭಾನುವಾರಗಳಲ್ಲಿ ಓಲ್ಡ್ ಕೋರ್ಸ್‌ನಲ್ಲಿ ಆಟವಿಲ್ಲ. ಊರವರು ನಾಯಿ ಕರೆದುಕೊಂಡು, ಮಕ್ಕಳ ಗಾಡಿ ತಳ್ಳಿಕೊಂಡು ಫೇರ್‌ವೇ ಮೇಲೇ ನಡೆಯುತ್ತಾರೆ. ನೀವೂ ನಡೆಯಿರಿ, ಕಾಸು ಕೊಡಬೇಕಿಲ್ಲ. 18ನೇ ಹೋಲ್‌ನಿಂದ ಹಿಂದಕ್ಕೆ ಹೊರಟರೆ ಮೊದಲು ಸ್ವಿಲ್ಕನ್ ಹಳ್ಳದ ಮೇಲಿನ ಪುಟ್ಟ ಕಲ್ಲು ಸೇತುವೆ, ಕುರುಬರು ಕುರಿ ದಾಟಿಸಲು ಕಟ್ಟಿದ್ದು. ಆಮೇಲೆ 17ರ ರಸ್ತೆ ಬದಿಯ ಗ್ರೀನ್. ಇನ್ನೂ ಮುಂದೆ 14ರ ಹೆಲ್ ಬಂಕರ್. ಅದರ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ, ಟಿ.ವಿ.ಯಲ್ಲಿ ಯಾವತ್ತೂ ಕಾಣದ ಆಳ ಕಾಣುತ್ತದೆ. ಮರುದಿನ ನಿಮಗೆ ಬ್ಯಾಲಟ್ ಹತ್ತಿದರೆ ಈ ನಡಿಗೆ, ಚೀಲ ಹೊತ್ತು ದಾರಿ ಹೇಳುವ ಕ್ಯಾಡಿಯಷ್ಟೇ ಉಪಯೋಗಕ್ಕೆ ಬರುತ್ತದೆ.

ಈ ಬಯಲು ಉಳಿದದ್ದು ಸುಲಭವಾಗಿ ಅಲ್ಲ. ದಿವಾಳಿಯಾಗಿದ್ದ ಊರ ಆಡಳಿತ 1797ರಲ್ಲಿ ಇದನ್ನು ಕೈಬಿಟ್ಟಿತು, ನೆಲ ಮೊಲ ಸಾಕುವ ವ್ಯಾಪಾರಿಗಳ ಪಾಲಾಯಿತು. ಮೊಲಗಳು ಬಿಲ ತೋಡಿ ನೆಲ ಹಾಳುಮಾಡಿದವು. ಊರವರು ಕೋರ್ಟಿಗೂ ಹೋದರು, ಕೈಕೈ ಮಿಲಾಯಿಸಿದ್ದೂ ಉಂಟು. 1821ರಲ್ಲಿ ಜೇಮ್ಸ್ ಚೀಪ್ ಅನ್ನುವ ಜಮೀನುದಾರ ಗಾಲ್ಫ್ ಉಳಿಯಲಿ ಅಂತ ಆ ನೆಲ ಕೊಂಡ ಮೇಲೆ ಜಗಳ ತಣ್ಣಗಾಯಿತು.

ಆಟವಿಲ್ಲದ ದಿನ ಕತೀಡ್ರಲ್ ಅವಶೇಷಗಳಿಗೆ ಹೋಗಿ. 1318ರಲ್ಲಿ ರಾಜ ರಾಬರ್ಟ್ ಬ್ರೂಸ್ ಎದುರಿಗೆ ಪ್ರತಿಷ್ಠೆಯಾದ ದೊಡ್ಡ ಇಗರ್ಜಿ ಅದು. ಈಗ ಚಾವಣಿ ಇಲ್ಲ, ಗೋಡೆಗಳ ತುಂಡುಗಳಿವೆ. ಅದರ ಸ್ಮಶಾನದಲ್ಲಿ ಮೋರಿಸ್ ಅಪ್ಪ-ಮಗನ ಸಮಾಧಿಗಳಿವೆ. ಅಪ್ಪ ಓಲ್ಡ್ ಟಾಮ್ ನಾಲ್ಕು ಓಪನ್ ಗೆದ್ದವನು. ಮಗ ಯಂಗ್ ಟಾಮ್ ಕೂಡ ನಾಲ್ಕು, ಅದೂ ಸತತವಾಗಿ ನಡೆದ ನಾಲ್ಕು ಪಂದ್ಯಗಳಲ್ಲಿ. 1875ರ ಸೆಪ್ಟೆಂಬರ್‌ನಲ್ಲಿ ಅಪ್ಪ-ಮಗ ಇಬ್ಬರೂ ನಾರ್ತ್ ಬೆರಿಕ್‌ನಲ್ಲಿ ಆಡುತ್ತಿದ್ದಾಗ, ಹೆರಿಗೆಯಲ್ಲಿ ಮಗನ ಹೆಂಡತಿಗೆ ಕಷ್ಟವಾಗಿದೆ ಅಂತ ತಂತಿ ಬಂತು. ದೋಣಿಯಲ್ಲಿ ಕೊಲ್ಲಿ ದಾಟಿ ಮನೆಗೆ ಬರುವಷ್ಟರಲ್ಲಿ ತಾಯಿ, ಮಗು ಇಬ್ಬರೂ ಹೋಗಿಬಿಟ್ಟಿದ್ದರು. ಅದೇ ವರ್ಷ ಕ್ರಿಸ್ಮಸ್ ದಿನ ಯಂಗ್ ಟಾಮ್ ತೀರಿಕೊಂಡ. ವಯಸ್ಸು 24. ಗೋಡೆಗೆ ಆನಿಸಿದ ಕಲ್ಲಿನಲ್ಲಿ ಅವನು ಚೆಂಡಿನ ಮೇಲೆ ಬಾಗಿ ನಿಂತಿದ್ದಾನೆ, ತಲೆಗೆ ಟೋಪಿ, ಕೈಯಲ್ಲಿ ಕ್ಲಬ್. ಓಲ್ಡ್ ಟಾಮ್ 1908ರವರೆಗೂ ಬದುಕಿದ.

ನಾರ್ತ್ ಸ್ಟ್ರೀಟ್‌ನಲ್ಲಿ ವಿಶ್ವವಿದ್ಯಾಲಯದ ಚಾಪೆಲ್ ಮುಂದೆ ನೆಲಗಲ್ಲಿನಲ್ಲಿ ಎರಡು ಅಕ್ಷರ ಕೂರಿಸಿದ್ದಾರೆ. 1528ರಲ್ಲಿ ಧರ್ಮಸುಧಾರಕ ಪ್ಯಾಟ್ರಿಕ್ ಹ್ಯಾಮಿಲ್ಟನ್‌ನನ್ನು ಸುಟ್ಟ ಜಾಗ ಅದು. ಅದನ್ನು ತುಳಿದರೆ ಪರೀಕ್ಷೆಯಲ್ಲಿ ಫೇಲ್ ಅಂತ ವಿದ್ಯಾರ್ಥಿಗಳ ನಂಬಿಕೆ, ಎಲ್ಲರೂ ಸುತ್ತುಹಾಕಿಕೊಂಡು ಹೋಗುತ್ತಾರೆ.

ಜೊತೆಗೆ ಆಡದವರೂ ಬಂದಿದ್ದರೆ ಅವರನ್ನು ಹಿಮಾಲಯಾಸ್‌ಗೆ ಕರೆದುಕೊಂಡು ಹೋಗಿ. 1867ರಲ್ಲಿ ಶುರುವಾದ ಮಹಿಳಾ ಪಟ್ಟಿಂಗ್ ಕ್ಲಬ್‌ನ ಗುಡ್ಡಗುಡ್ಡವಾದ ಗ್ರೀನ್ ಅದು. ಕೆಲವೇ ಪೌಂಡ್ ಕೊಟ್ಟರೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಆಡಬಹುದು.

ಕ್ರೀಫ್: ಶ್ರೀರಂಗಪಟ್ಟಣದ ಎಳೆ

ಉತ್ತರಕ್ಕೆ ಹೋಗುವಾಗ ಸ್ವಲ್ಪ ಬಳಸಿ ಕ್ರೀಫ್ ಊರಿಗೆ ಹೋಗಿ. ಪ್ರವಾಸದ ಕಂಪನಿಗಳ ಪಟ್ಟಿಯಲ್ಲಿ ಇದು ಸಿಗುವುದು ಅಪರೂಪ. ಕನ್ನಡಿಗರಿಗೆ ಮಾತ್ರ ಇದು ಬೇಕೇ ಬೇಕು ಅಂತ ನನ್ನ ಅನಿಸಿಕೆ. ಇಲ್ಲಿನ ಹದಿನೆಂಟು ಹೋಲ್‌ನ ಕೋರ್ಸ್ ಹೆಸರು ಫರ್ನ್‌ಟವರ್. ಆ ಹೆಸರಿನ ಜಹಗೀರಿನಲ್ಲಿ ಬದುಕಿ, 1829ರಲ್ಲಿ ತೀರಿಕೊಂಡವನು ಸರ್ ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಸೇನೆಗೆ ಸೆರೆಸಿಕ್ಕು, ಮೂರು ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದಲ್ಲಿ ಸಂಕೋಲೆಯಲ್ಲಿದ್ದ ಅದೇ ಬೇರ್ಡ್. 1799ರ ಮೇ 4ರಂದು ಕೋಟೆಯ ಬಿರುಕಿನೊಳಗೆ ನುಗ್ಗಿದ ಪಡೆಯನ್ನು ನಡೆಸಿದವನೂ ಅವನೇ. ಟಿಪ್ಪು ಸತ್ತದ್ದು ಆ ದಿನ.

ಕ್ರೀಫ್‌ನಿಂದ ಸ್ವಲ್ಪ ದೂರದ ಗುಡ್ಡದ ಮೇಲೆ ಅವನ ಹೆಂಡತಿ ಎತ್ತಿಸಿದ ಎತ್ತರದ ಕಲ್ಲುಕಂಬ ಇದೆ. ಶ್ರೀರಂಗಪಟ್ಟಣದ ಕರ್ನಲ್ ಬೈಲಿ ಸೆರೆಮನೆ ನೋಡಿದವರಿಗೆ ಇಲ್ಲಿ ನಿಂತಾಗ ಆ ಕಥೆಯ ಇನ್ನೊಂದು ತುದಿ ಸಿಗುತ್ತದೆ. ಇಲ್ಲಿನವರಿಗೆ ಅದು ವಿಜಯ, ನಮಗೆ ಅದು ಒಂದು ರಾಜ್ಯ ಬಿದ್ದ ದಿನ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಆಡಿ.

ಇನ್ವರ್ನೆಸ್ ಮತ್ತು ಡಾರ್ನೋಕ್

ಕಲೋಡನ್‌ಗೆ ಅರ್ಧ ದಿನ ಕೊಡಿ, ಅವತ್ತು ಆಟ ಬೇಡ. ಕೆಂಪು ಮತ್ತು ನೀಲಿ ಬಾವುಟಗಳು ಎರಡು ಸೇನೆ ನಿಂತ ಸಾಲುಗಳನ್ನು ತೋರಿಸುತ್ತವೆ. ನಡುವಿನ ಜೌಗು ನೆಲದಲ್ಲಿ ನಡೆದರೆ, ಓಡಿ ಬಂದವರು ಯಾಕೆ ತಲುಪಲಿಲ್ಲ ಅಂತ ಅರ್ಥವಾಗುತ್ತದೆ. ಸುಮಾರು 1,500 ಜಾಕೊಬೈಟರು, ಅಂದರೆ ಚಾರ್ಲ್ಸ್ ಪಕ್ಷದವರು, ಸತ್ತರು. ಕುಲದ ಹೆಸರು ಕೊರೆದ ಕಲ್ಲುಗಳ ಹಿಂದೆ ಉದ್ದುದ್ದ ಮಣ್ಣಿನ ದಿಬ್ಬಗಳಿವೆ. ಸೋಲಿನ ನಂತರ ಹೈಲೆಂಡ್ (ಉತ್ತರದ ಗುಡ್ಡಗಾಡು) ಉಡುಪಿಗೆ ನಿಷೇಧ ಬಂತು, 1782ರವರೆಗೂ ಇತ್ತು. ಅಲ್ಲಿನ ಚೌಕುಳಿ ಬಟ್ಟೆಯ ಟಾರ್ಟನ್ ಶಾಲು ಕೊಳ್ಳುವುದಿದ್ದರೆ ಇದನ್ನು ನೋಡಿದ ಮೇಲೆ ಕೊಳ್ಳಿ.

ಡಾರ್ನೋಕ್ ಇಲ್ಲಿಂದ ಕಾರಿನಲ್ಲಿ ಗಂಟೆಯ ದಾರಿ. 1616ರಲ್ಲೇ ಇಲ್ಲಿ ಗಾಲ್ಫ್ ಇತ್ತು. ಅಮೆರಿಕದ ಪೈನ್‌ಹರ್ಸ್ಟ್ ಗಾಲ್ಫ್ ಕೋರ್ಸ್ ರೂಪಿಸಿದ ಡೊನಾಲ್ಡ್ ರಾಸ್ ಹುಟ್ಟಿದ ಊರಿದು. ರಾಯಲ್ ಡಾರ್ನೋಕ್ ಒಂದು ದಿನ ಆಡಿ, ಇನ್ನೊಂದು ದಿನ ಗೋಲ್ಸ್ಪಿಗೆ ಹೋಗಿ. ಅಲ್ಲಿ ಆಡುವಾಗ ತಲೆ ಎತ್ತಿದರೆ ಬೆಟ್ಟದ ತುದಿಯಲ್ಲಿ ದೊಡ್ಡ ಪ್ರತಿಮೆ ಕಾಣುತ್ತದೆ. ಸದರ್ಲೆಂಡಿನ ಮೊದಲ ಡ್ಯೂಕ್. 19ನೇ ಶತಮಾನದ ಮೊದಲ ದಶಕಗಳಲ್ಲಿ ಅವನ ಜಹಗೀರಿನಿಂದ ಸಾವಿರಾರು ರೈತರನ್ನು ಎಬ್ಬಿಸಿ ನೆಲವನ್ನು ಕುರಿಗಳಿಗೆ ಬಿಟ್ಟರು. ಅನೇಕರು ಕೆನಡಾಕ್ಕೆ ಹಡಗು ಹತ್ತಿದರು. ಪ್ರತಿಮೆ ಕೆಡವಬೇಕು ಅನ್ನುವವರು ಇಂದಿಗೂ ಇದ್ದಾರೆ. ಸಂಜೆ ಕ್ಲಬ್‌ಹೌಸ್‌ನಲ್ಲಿ ಊರವರ ಹತ್ತಿರ ಇದರ ಬಗ್ಗೆ ಕೇಳಿ, ಮಾತು ಬೇಗ ಮುಗಿಯುವುದಿಲ್ಲ.

ದಾರಿಗೆ ಬೇಕಾದ್ದು

ನಮ್ಮ ಲೈಸೆನ್ಸ್‌ನಲ್ಲಿ ಅಲ್ಲಿ ಒಂದು ವರ್ಷದವರೆಗೆ ಕಾರು ಓಡಿಸಬಹುದು. ಎಡಗಡೆಯ ಸಂಚಾರ, ಕಷ್ಟವಿಲ್ಲ. ಉತ್ತರದಲ್ಲಿ ಒಂದೇ ಗಾಡಿ ಹಿಡಿಸುವ ರಸ್ತೆಗಳಿವೆ, ಅಲ್ಲಲ್ಲಿ ಪಕ್ಕಕ್ಕೆ ನಿಲ್ಲಲು ಜಾಗ ಇರುತ್ತದೆ. ಹಿಂದಿನವರಿಗೂ ಅಲ್ಲಿ ದಾರಿ ಬಿಡಬೇಕು. ವಿಸ್ಕಿ ಡಿಸ್ಟಿಲರಿಗೆ ಹೋಗುವ ದಿನ ಓಡಿಸುವವರು ಒಂದು ಗುಟುಕೂ ಕುಡಿಯಬೇಡಿ. 2014ರಿಂದ ಸ್ಕಾಟ್ಲೆಂಡಿನ ಮಿತಿ ಇಂಗ್ಲೆಂಡಿಗಿಂತ ಬಿಗಿ. ಅನೇಕ ಡಿಸ್ಟಿಲರಿಗಳು ಓಡಿಸುವವರ ಪಾಲನ್ನು ಸಣ್ಣ ಬಾಟಲಿಯಲ್ಲಿ ಕಟ್ಟಿಕೊಡುತ್ತವೆ, ಕೇಳಿ.

ಎಡಿನ್‌ಬರೋ ಕೋಟೆ, ಸೇಂಟ್ ಆಂಡ್ರೂಸ್ ಕೋಟೆ ಮತ್ತು ಕತೀಡ್ರಲ್‌ಗೆ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್‌ನ ಎಕ್ಸ್‌ಪ್ಲೋರರ್ ಪಾಸ್ ಸಾಕು. ಕಲೋಡನ್ ಬೇರೆ ಸಂಸ್ಥೆಯದು, ನ್ಯಾಷನಲ್ ಟ್ರಸ್ಟ್. ಅದಕ್ಕೆ ಈ ಪಾಸ್ ನಡೆಯುವುದಿಲ್ಲ.

ಬಟ್ಟೆಯಲ್ಲಿ ಜಿಪುಣತನ ಬೇಡ. ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟ್, ಎರಡು ಜೊತೆ ಶೂ, ಒದ್ದೆಯಲ್ಲೂ ಹಿಡಿತ ಕೊಡುವ ಗ್ಲೌಸ್. ಛತ್ರಿ ಸುಮ್ನೆ ಭಾರ, ಆ ಗಾಳಿಗೆ ನಿಲ್ಲುವುದಿಲ್ಲ. ಸಸ್ಯಾಹಾರಿಗಳಿಗೆ ವೆಜಿಟೇರಿಯನ್ ಹ್ಯಾಗಿಸ್ (ಅಲ್ಲಿನ ಮಾಂಸದ ತಿನಿಸಿನ ಸಸ್ಯಾಹಾರಿ ರೂಪ), ಆಲೂಗಡ್ಡೆಯ ಟ್ಯಾಟಿ ಸ್ಕೋನ್, ಬೇಳೆ ಸೂಪು ಸಿಗುತ್ತವೆ. ಸೂಪಿಗೆ ಮಾಂಸದ ಸ್ಟಾಕ್ ಹಾಕಿದ್ದಾರೋ ಕೇಳಿಕೊಳ್ಳಿ. ಸಣ್ಣ ಊರುಗಳಲ್ಲಿ ಅಡುಗೆಮನೆ ಬೇಗ ಮುಚ್ಚುತ್ತದೆ. ಸಂಜೆ ಆಡುವ ದಿನ ಊಟ ಮೊದಲೇ ಹೇಳಿಟ್ಟು ಹೋಗಿ.

ಕ್ಯಾಡಿ ತೆಗೆದುಕೊಂಡರೆ ಹಣ ಹೆಚ್ಚಾಗಿ ನಗದಿನಲ್ಲಿ, ಟಿಪ್ಸ್ ಬೇರೆ. ಅಲ್ಲಿನ ಮೂರು ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಅಚ್ಚು ಹಾಕುತ್ತವೆ. ಆ ನೋಟುಗಳನ್ನು ಬೆಂಗಳೂರಿನಲ್ಲಿ ಬದಲಾಯಿಸುವುದು ಕಷ್ಟ. ಕೊನೆಯ ಕ್ಯಾಡಿಗೆ ಆ ನೋಟುಗಳನ್ನೇ ಕೊಟ್ಟು ಖಾಲಿ ಮಾಡಿ ಬನ್ನಿ.